ನಕ್ಷೆಗೆ ಪೂರ್ಣ ಅಂಕ, ಆ್ಯಪ್‌ಗೆ ಸೊನ್ನೆ: ವಿಪತ್ತು ಸಿದ್ಧತೆ ಕಲಿಸುವ ಒಂದು ಸೇವೆಯ ವಿಮರ್ಶೆ

ತುರ್ತು ಚೀಲ, ಹಿಡಿಕೆ ತಿರುಗಿಸಿ ಚಾರ್ಜ್ ಮಾಡುವ ರೇಡಿಯೊ, ನೀರು ಶುದ್ಧೀಕರಿಸುವ ಮಾತ್ರೆ ಎಂದು ವಿಪತ್ತಿನ ಹೆಸರಿನಲ್ಲಿ ಮಾರುವ ವಸ್ತುಗಳಿಗೆ ಈಗ ಕೊರತೆಯಿಲ್ಲ. ಆದರೆ ಒಂದೇ ಕಡೆ ವಾಸಿಸುವ ಜನರನ್ನೆಲ್ಲ ಸೇರಿಸಿ, ಅವರಿರುವ ಜಾಗದಲ್ಲಿ ಏನೇನು ಅನಾಹುತವಾಗಬಹುದು, ಆದಾಗ ಯಾರು ಏನು ಮಾಡಬೇಕು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ ಬರೆಸುವ ಸೇವೆಗಳು ಕಡಿಮೆ. ಅಂಥದೊಂದು ಸೇವೆಯನ್ನು ನಮ್ಮ ವಸತಿ ಸಂಘ ಪಡೆದುಕೊಂಡಿತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಬಗೆಯ ಕೆಲಸ ಮಾಡುವ ಬೇರೆಯವರೂ ಇದ್ದಾರೆ, ಅವರೆಲ್ಲರ ಪಟ್ಟಿಯೂ ಹೆಚ್ಚುಕಡಿಮೆ ಒಂದೇ: ಅಪಾಯದ ನಕ್ಷೆ, ಸ್ವಯಂಸೇವಕರಿಗೆ ತರಬೇತಿ, ಅಣಕು ಕಾರ್ಯಾಚರಣೆ, ಸಾಮಗ್ರಿಗಳ ಪೆಟ್ಟಿಗೆ, ಮೊಬೈಲ್ ಆ್ಯಪ್, ವರ್ಷಕ್ಕೊಮ್ಮೆ ಮರುಭೇಟಿ. ಇವುಗಳಲ್ಲಿ ಯಾವುದಕ್ಕೆ ಹಣ ಕೊಡಬಹುದು, ಯಾವುದನ್ನು ಬೇಡವೆನ್ನಬಹುದು ಎಂದು ಯೋಚಿಸುತ್ತಿರುವ ಸಂಘಗಳಿಗೆ ಈ ಬರಹ ಉಪಯೋಗವಾದೀತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಜನರಿಂದ ನಿರ್ಧಾರ ಮಾಡಿಸುವ ಭಾಗಗಳೆಲ್ಲ ಚೆನ್ನಾಗಿವೆ, ಜನರ ಕೈಗೆ ವಸ್ತು ಕೊಡುವ ಭಾಗಗಳೆಲ್ಲ ಸಾಧಾರಣ.

ಮೊದಲ ಸಭೆಯಲ್ಲಿ ತರಬೇತುದಾರರು ಉಪಗ್ರಹ ಚಿತ್ರವನ್ನಾಗಲಿ ಕಟ್ಟಡದ ನೀಲನಕ್ಷೆಯನ್ನಾಗಲಿ ತೆರೆಯಲಿಲ್ಲ. ವಾಹನ ನಿಲ್ಲಿಸುವ ಜಾಗದ ನೆಲ ಗುಡಿಸಿಸಿ, ಬಣ್ಣದ ಸೀಮೆಸುಣ್ಣದ ಡಬ್ಬಿಯನ್ನು ನಡುವೆ ಇಟ್ಟು, ನಿಮ್ಮ ಜಾಗವನ್ನು ನೀವೇ ಬರೆಯಿರಿ ಎಂದರು. ಸಂಘದ ಪದಾಧಿಕಾರಿಗಳ ಜೊತೆಗೆ ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ, ಮನೆಗೆಲಸಕ್ಕೆ ಬರುವ ಮಹಿಳೆಯರು ಮತ್ತು ಮಕ್ಕಳು ಇರಲೇಬೇಕೆಂಬುದು ಅವರ ಷರತ್ತಾಗಿತ್ತು. ಅದೇಕೆಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಮಳೆ ಜೋರಾದಾಗ ನೀರು ಮೊದಲು ಒಳನುಗ್ಗುವುದು ನೆಲಮಾಳಿಗೆಯ ಗಾಳಿಕಿಂಡಿಯಿಂದ ಎಂಬುದು ರಾತ್ರಿ ಪಾಳಿಯ ಕಾವಲುಗಾರರಿಗೆ ಮಾತ್ರ ಗೊತ್ತಿತ್ತು. ಯಾವ ಚರಂಡಿಯ ಜಾಲರಿ ಎಲೆ, ಪ್ಲಾಸ್ಟಿಕ್ ಸಿಕ್ಕಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ಗುಡಿಸುವವರು ನೆಟ್ಟಗೆ ಅಲ್ಲಿಗೇ ಹೋಗಿ ನಿಂತು ತೋರಿಸಿದರು. ಹಿಂಬದಿಯ ಗೋಡೆಯಲ್ಲಿ ಎತ್ತರದ ಮೈದಾನಕ್ಕೆ ದಾಟಲು ಒಂದು ಕಂಡಿ ಇರುವುದನ್ನು, ಚೆಂಡು ತರಲು ಅದರಲ್ಲೇ ನುಸುಳುವ ಮಕ್ಕಳು ಗುರುತು ಮಾಡಿದರು. ಇಡೀ ಕಟ್ಟಡದ ವಿದ್ಯುತ್ ಮೀಟರ್‌ಗಳ ಕೋಣೆ ಅದೇ ನೆಲಮಾಳಿಗೆಯಲ್ಲಿ, ಆ ಗಾಳಿಕಿಂಡಿಯ ಪಕ್ಕದಲ್ಲೇ ಇದೆ ಎಂಬುದೂ, ಅದರ ಬೀಗದ ಕೈ ಹಗಲಿಡೀ ಕೆಲಸಕ್ಕೆ ಹೋಗಿರುವ ಒಬ್ಬರ ಬಳಿ ಮಾತ್ರ ಇದೆ ಎಂಬುದೂ ಎಲ್ಲರ ಗೆರೆಗಳು ಒಂದೆಡೆ ಕೂಡಿದ ಮೇಲೆಯೇ ಕಣ್ಣಿಗೆ ಬಿದ್ದವು.

ಈ ಭಾಗಕ್ಕೆ ಅವರು ಅಷ್ಟು ಸಮಯ ಕೊಟ್ಟದ್ದು ಸರಿಯೆಂದೇ ನನ್ನ ಎಣಿಕೆ. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರ ಮಾರ್ಚ್ 18ರಂದು ಜಪಾನಿನ ಸೆಂಡೈ ನಗರದಲ್ಲಿ ಒಪ್ಪಿಕೊಂಡ, 2030ರವರೆಗೆ ಅನ್ವಯವಾಗುವ ವಿಪತ್ತು ಅಪಾಯ ತಗ್ಗಿಸುವ ಚೌಕಟ್ಟಿನಲ್ಲಿ ನಾಲ್ಕು ಆದ್ಯತೆಗಳಿವೆ. ಅವುಗಳಲ್ಲಿ ಮೊದಲನೆಯದು ಅಪಾಯವನ್ನು ಅರಿಯುವುದು; ವಿಪತ್ತು ಬಂದಾಗ ಎದುರಿಸಲು ಬೇಕಾದ ಸಿದ್ಧತೆಯ ಮಾತು ಬರುವುದು ನಾಲ್ಕನೆಯದರಲ್ಲಿ. ಮಳೆ ಎಲ್ಲ ಮನೆಗಳ ಮೇಲೂ ಒಂದೇ ಪ್ರಮಾಣದಲ್ಲಿ ಬೀಳಬಹುದು, ಆದರೆ ಅದರಿಂದಾಗುವ ನಷ್ಟವು ನೀರಿನ ದಾರಿಯಲ್ಲಿ ಏನನ್ನು ಇಟ್ಟಿದ್ದೇವೆ, ಆ ದಾರಿಯಲ್ಲಿ ಯಾರು ಮಲಗಿದ್ದಾರೆ, ಎದ್ದು ಹೋಗುವ ಶಕ್ತಿ ಅವರಿಗಿದೆಯೇ ಎಂಬುದರ ಮೇಲೆ ನಿಂತಿರುತ್ತದೆ. ನಕ್ಷೆ ಮುಗಿದ ವಾರದಲ್ಲೇ ಗಾಳಿಕಿಂಡಿಯ ಸುತ್ತ ಮೊಣಕಾಲೆತ್ತರದ ಕಟ್ಟೆ ಎದ್ದಿತು, ಮೀಟರ್ ಕೋಣೆಯ ಬೀಗಕ್ಕೆ ಇನ್ನೂ ಕೆಲವು ಕೈಗಳಾದವು, ಜಾಲರಿ ತೆಗೆದು ಶುಚಿ ಮಾಡುವುದು ಮಳೆಗಾಲಕ್ಕೆ ಮುಂಚಿನ ಕೆಲಸಗಳ ಪಟ್ಟಿಗೆ ಸೇರಿತು. ಒಂದು ದೊಡ್ಡ ಮಳೆಯಲ್ಲಿ ನಮಗಾಗಬಹುದಾಗಿದ್ದ ನಷ್ಟದ ಬಹುಪಾಲನ್ನು ಈ ಸಣ್ಣ ಕೆಲಸಗಳೇ ತಪ್ಪಿಸಬಲ್ಲವು ಎಂದು ನನಗನಿಸುತ್ತದೆ. ಸೇವೆಯ ಜಾಹೀರಾತಿನಲ್ಲಿ ಮಾತ್ರ ಇವುಗಳ ಸುಳಿವೇ ಇಲ್ಲ; ಅಲ್ಲಿ ಹೆಲ್ಮೆಟ್ ತೊಟ್ಟವರು ಹಗ್ಗ ಹಿಡಿದು ಇಳಿಯುತ್ತಿರುವ ಚಿತ್ರವಿದೆ.

ಎರಡನೆಯ ಕೆಲಸ, ನೆರವು ಬೇಕಾದವರ ಪಟ್ಟಿ. ಹಾಸಿಗೆ ಹಿಡಿದವರು, ಗರ್ಭಿಣಿಯರು, ಕಿವಿ ಕೇಳದವರು, ಗಾಲಿಕುರ್ಚಿ ಬಳಸುವವರು, ಹಗಲು ಹೊತ್ತು ಮನೆಯಲ್ಲಿ ಒಂಟಿಯಾಗಿರುವ ಮಕ್ಕಳು, ಹೀಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಅದೇ ಅಂತಸ್ತಿನ ಅಥವಾ ಅದರ ಮೇಲಿನ ಕೆಳಗಿನ ಅಂತಸ್ತಿನ ಇಬ್ಬರ ಹೆಸರು ಬರೆಯಬೇಕು. ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರು ಹೋಗಿ ಬಾಗಿಲು ತಟ್ಟಬೇಕು. ಇದು ಬರಿಯ ಸೌಜನ್ಯದ ಏರ್ಪಾಡಲ್ಲ. 1995ರ ಜನವರಿ 17ರಂದು ಜಪಾನಿನ ಕೋಬೆ ನಗರದಲ್ಲಿ ಭೂಕಂಪವಾದಾಗ ಕುಸಿದ ಮನೆಗಳಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಬಹುಪಾಲು ಜನರನ್ನು ಎತ್ತಿದ್ದು ಮನೆಯವರು ಮತ್ತು ನೆರೆಹೊರೆಯವರು. ಅಗ್ನಿಶಾಮಕ ದಳವಾಗಲಿ ಸೇನೆಯಾಗಲಿ ಎಲ್ಲ ಕಡೆ ಏಕಕಾಲಕ್ಕೆ ತಲುಪುವುದು ಎಷ್ಟೇ ದಕ್ಷತೆಯಿದ್ದರೂ ಆಗದ ಮಾತು. ಪಟ್ಟಿ ಮಾಡಲು ಬಂದ ತರಬೇತುದಾರರು ಜನರೊಡನೆ ಮಾತನಾಡಿದ ರೀತಿಯೂ ಮೆಚ್ಚುವಂಥದು. ಮಂಡಿನೋವಿನಿಂದ ಮೆಟ್ಟಿಲಿಳಿಯಲಾಗದ ಹಿರಿಯರೊಬ್ಬರು “ನನ್ನನ್ನು ಬಿಟ್ಟು ನೀವೆಲ್ಲ ಹೋಗಿ ಅಂತ ಬರೆದುಕೊಳ್ಳಪ್ಪ” ಎಂದು ನಕ್ಕಾಗ, ಆ ಯುವಕ ಹಾಳೆಯನ್ನು ಅವರತ್ತ ತಿರುಗಿಸಿ, “ಅಜ್ಜಿ, ಹಾಗೆ ಬರೆಯಲು ಇದರಲ್ಲಿ ಜಾಗವೇ ಇಲ್ಲ ನೋಡಿ” ಎಂದು, ಯಾವ ಕಡೆಯ ತೋಳು ಹಿಡಿದರೆ ನೋವಾಗುತ್ತದೆ, ದಿನವೂ ತೆಗೆದುಕೊಳ್ಳುವ ಔಷಧಿ ಎಲ್ಲಿರುತ್ತದೆ ಎಂದು ಕೇಳಿ ಬರೆದುಕೊಂಡರು. ಎತ್ತಿ ಸಾಗಿಸುವವರಿಗೆ ರೋಗದ ಹೆಸರಿಗಿಂತ ಈ ಎರಡು ಸಂಗತಿಗಳೇ ಮುಖ್ಯ.

ಸ್ವಯಂಸೇವಕರ ತರಬೇತಿಯಲ್ಲಿ ವಿಷಯ ಸರಿಯಾಗಿತ್ತು, ಆಯ್ಕೆ ತಪ್ಪಾಗಿತ್ತು. ನೆಲ ಅದುರುವಾಗ ಬಾಗಿಲಿನ ಚೌಕಟ್ಟಿನಡಿ ನಿಲ್ಲಬೇಕೆಂಬ ಹಳೆಯ ನಂಬಿಕೆಯನ್ನು ಬಿಡಿಸಿ, ಇದ್ದಲ್ಲೇ ಕುಳಿತು, ಗಟ್ಟಿಯಾದ ಮೇಜಿನಡಿ ತಲೆ ಮತ್ತು ಕುತ್ತಿಗೆ ಮರೆಮಾಡಿಕೊಂಡು, ಅದುರುವುದು ನಿಲ್ಲುವವರೆಗೂ ಅದರ ಕಾಲನ್ನು ಹಿಡಿದುಕೊಂಡಿರುವುದನ್ನು ಎಲ್ಲರಿಂದಲೂ ಮಾಡಿಸಿದರು. ಹರಿಯುವ ನೀರು 15 ಸೆಂಟಿಮೀಟರ್ ಆಳವಿದ್ದರೂ ನಡೆಯುವವರ ಕಾಲು ತಪ್ಪಿಸಬಲ್ಲದು, 30 ಸೆಂಟಿಮೀಟರ್ ಆಳದಲ್ಲಿ ಸಣ್ಣ ಕಾರು ತೇಲತೊಡಗುತ್ತದೆ, 60 ಸೆಂಟಿಮೀಟರಿಗೆ ಹೆಚ್ಚಿನ ವಾಹನಗಳು ಕೊಚ್ಚಿಹೋಗುತ್ತವೆ ಎಂಬುದನ್ನು ಅಳತೆಪಟ್ಟಿಯನ್ನು ಒಬ್ಬರ ಕಾಲಿಗೆ ಹಿಡಿದು ತೋರಿಸಿದ್ದು ಸರಳವೂ ಪರಿಣಾಮಕಾರಿಯೂ ಆಗಿತ್ತು. ಅಷ್ಟು ನೀರಿನಲ್ಲಿ ದಾಟಿಬಿಡಬಹುದು ಎಂದು ಹೊರಟೇ ಅನೇಕರು ಪ್ರಾಣ ಕಳೆದುಕೊಳ್ಳುತ್ತಾರೆ. ಆದರೆ ತರಬೇತಿ ರಜಾದಿನದಂದು ನಡೆಯಿತು, ಮುಂದೆ ಬಂದು ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ವಾರವಿಡೀ ಬೆಳಿಗ್ಗೆ ಕಚೇರಿಗೆ ಹೋಗಿ ಸಂಜೆ ಮರಳುವವರು. ಕೆಲಸದ ದಿನ ಹಗಲು ಹನ್ನೊಂದು ಗಂಟೆಗೆ ಕಟ್ಟಡದಲ್ಲಿ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ಸಂಸ್ಥೆಯವರು ಕೇಳಲೇ ಇಲ್ಲ.

ಈ ವಿಷಯದಲ್ಲಿ ಅವರು ಕಲಿಯಬೇಕಾದ ಮಾದರಿ ಬಾಂಗ್ಲಾದೇಶದಲ್ಲಿದೆ. 1970ರ ನವೆಂಬರಿನಲ್ಲಿ ಅಲ್ಲಿನ ಕರಾವಳಿಯನ್ನು ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಕನಿಷ್ಠ 3 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಅದಾದ ಮೇಲೆ, 1972ರಲ್ಲಿ, ರೆಡ್‌ಕ್ರಾಸ್ ನೆರವಿನೊಂದಿಗೆ ಹಳ್ಳಿಹಳ್ಳಿಗಳ ಸ್ವಯಂಸೇವಕರನ್ನು ಕಟ್ಟಿಕೊಂಡು ಚಂಡಮಾರುತ ಸಿದ್ಧತಾ ಕಾರ್ಯಕ್ರಮ ಶುರುವಾಯಿತು. ಬಾವುಟ, ಮೆಗಾಫೋನು, ಕೈಯಿಂದ ತಿರುಗಿಸುವ ಸೈರನ್ ಹಿಡಿದು ಮನೆಮನೆಗೆ ಹೋಗಿ ಎಚ್ಚರಿಸುವುದು ಅವರ ಕೆಲಸ. ಆದರೂ 1991ರ ಚಂಡಮಾರುತದಲ್ಲಿ ಸುಮಾರು 1.38 ಲಕ್ಷ ಜನ ಸತ್ತರು, ಅವರಲ್ಲಿ ಮಹಿಳೆಯರ ಪ್ರಮಾಣ ಪುರುಷರಿಗಿಂತ ಬಹಳ ಹೆಚ್ಚಾಗಿತ್ತು. ಎಚ್ಚರಿಕೆ ಮನೆಯೊಳಗಿನ ಹೆಣ್ಣುಮಕ್ಕಳಿಗೆ ತಲುಪಬೇಕಾದರೆ ಅದನ್ನು ಹೊತ್ತು ತರುವವರಲ್ಲೂ ಹೆಣ್ಣುಮಕ್ಕಳಿರಬೇಕೆಂಬುದು ಕ್ರಮೇಣ ಮನವರಿಕೆಯಾಗಿ, ಈಗ ಅಲ್ಲಿನ 76 ಸಾವಿರ ಸ್ವಯಂಸೇವಕರಲ್ಲಿ ಅರ್ಧದಷ್ಟು ಮಹಿಳೆಯರಿದ್ದಾರೆ. 2020ರ ಮೇ ತಿಂಗಳಲ್ಲಿ ಅಂಫನ್ ಚಂಡಮಾರುತ ಬಂದಾಗ, ಕೋವಿಡ್ ನಡುವೆಯೂ, ಆ ದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಆಶ್ರಯತಾಣಗಳಿಗೆ ಸಾಗಿಸಿತು. ಸಾವು ನೂರರ ಗಡಿ ಮುಟ್ಟಲಿಲ್ಲ. ನಮ್ಮಲ್ಲಿ ಈ ಕೊರತೆಯನ್ನು ಸಂಘವೇ ಸರಿಪಡಿಸಿ, ಕಾವಲುಗಾರರಿಗೂ ಹಗಲು ಮನೆಯಲ್ಲಿರುವ ಮಹಿಳೆಯರಿಗೂ ವಾರದ ನಡುವೆ ಇನ್ನೊಂದು ತರಬೇತಿ ಕೇಳಿ ಪಡೆಯಿತು. ಅದಕ್ಕೆ ಸಂಸ್ಥೆ ತಕರಾರು ಮಾಡಲಿಲ್ಲ ಎಂಬುದನ್ನೂ ಹೇಳಬೇಕು.

ಅಣಕು ಕಾರ್ಯಾಚರಣೆ ಈ ಸೇವೆಯ ಅತ್ಯುತ್ತಮ ಭಾಗ. ಮೊದಲನೆಯದನ್ನು ಮುನ್ಸೂಚನೆ ಕೊಟ್ಟು ಮಾಡಿದರು. ಎಲ್ಲರೂ ಬೂಟು ಹಾಕಿಕೊಂಡು ಕಾದು ಕುಳಿತಿದ್ದರಿಂದ ಅದು ಮೆರವಣಿಗೆಯಂತೆ ಸುಸೂತ್ರವಾಗಿ ಮುಗಿಯಿತು. ಎರಡನೆಯದು ಹೇಳದೆ ಬಂತು. ಗಾಲಿಕುರ್ಚಿಯನ್ನು ನಾಲ್ವರು ಹಿಡಿದು ಇಳಿಸುವಾಗ ಮೂರನೆಯ ಅಂತಸ್ತಿನ ತಿರುವಿನಲ್ಲಿ ಚಪ್ಪಲಿ ಸ್ಟ್ಯಾಂಡು ಮತ್ತು ಎರಡು ಹೂಕುಂಡಗಳು ಅಡ್ಡ ಬಂದು, ಮುಂದಿನವರು ಇಳಿಯಲೂ ಆಗದೆ ಹಿಂದಿನವರು ಏರಲೂ ಆಗದೆ, ಮೆಟ್ಟಿಲ ಮೇಲೆ ಜನ ತುಂಬಿ ನಿಂತರು. ಕುರ್ಚಿಯಲ್ಲಿದ್ದವರು ಒಂದು ಕೈಯಿಂದ ಕಂಬಿ ಹಿಡಿದು ಇನ್ನೊಂದು ಕೈಯಿಂದ ಹೂಕುಂಡವನ್ನು ಪಕ್ಕಕ್ಕೆ ತಳ್ಳಲು ಯತ್ನಿಸುತ್ತಿದ್ದರು. ಕೆಳಗೆ ಕಾಗದದ ಹಲಗೆ ಹಿಡಿದು ವೇಳೆ ಬರೆದುಕೊಳ್ಳುತ್ತಿದ್ದ ತರಬೇತುದಾರ ಮಧ್ಯೆ ಬಾಯಿ ಹಾಕಲಿಲ್ಲ, ಸಹಾಯಕ್ಕೂ ಬರಲಿಲ್ಲ. ಆಗ ಅನೇಕರಿಗೆ ಸಿಟ್ಟು ಬಂದಿತಾದರೂ, ಮೆಟ್ಟಿಲ ಮೇಲೆ ಸಾಮಾನಿಡಬೇಡಿ ಎಂದು ವರ್ಷಗಳಿಂದ ಅಂಟಿಸಿದ್ದ ಸೂಚನೆಗಳಿಂದ ಆಗದ ಕೆಲಸ ಅಂದು ಸಂಜೆಯೇ ಆಯಿತು: ಎಲ್ಲ ಅಂತಸ್ತುಗಳ ತಿರುವುಗಳೂ ಖಾಲಿಯಾದವು.

ಆ ನಂತರದ ಚರ್ಚೆಯಲ್ಲಿ ಅವರು ನಮ್ಮ ಹಳೆಯ ತುರ್ತು ಯೋಜನೆಯ ಒಂದು ಸಾಲನ್ನು ಹೊಡೆದುಹಾಕಿದರು. “ಹತ್ತಿರದ ಸುರಕ್ಷಿತ ಬಯಲು ಪ್ರದೇಶದಲ್ಲಿ ಸೇರತಕ್ಕದ್ದು” ಎಂಬುದು ಆ ಸಾಲು. ಅದರಲ್ಲಿ ಏನು ತಪ್ಪು ಎಂದು ಕೇಳಿದವರಿಗೆ ಅವರು ಜಪಾನಿನ ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯ ಸಂಗತಿ ಹೇಳಿದರು. 2011ರ ಮಾರ್ಚ್ 11ರಂದು ಭೂಕಂಪವಾದ ಮೇಲೆ ಸುನಾಮಿ ಬರುವವರೆಗೆ ಆ ಶಾಲೆಗೆ ಸುಮಾರು 50 ನಿಮಿಷ ಸಮಯವಿತ್ತು, ಶಾಲೆಯ ಹಿಂದೆಯೇ ಗುಡ್ಡವಿತ್ತು. ಆದರೆ ಶಾಲೆಯ ಕೈಪಿಡಿಯಲ್ಲಿ ಎರಡನೆಯ ಆಶ್ರಯಸ್ಥಾನವೆಂದು ಬರೆದಿದ್ದದ್ದು ಹತ್ತಿರದ ಖಾಲಿ ಜಾಗ, ಉದ್ಯಾನ ಇತ್ಯಾದಿ ಎಂದಷ್ಟೆ. ಎಲ್ಲಿಗೆ ಹೋಗಬೇಕೆಂಬ ಚರ್ಚೆಯಲ್ಲಿ ಹೊತ್ತು ಕಳೆದು, ಕೊನೆಗೆ ಹೊರಟಾಗ ನೀರು ಎದುರಾಗಿ, 74 ಮಕ್ಕಳು ಮತ್ತು 10 ಮಂದಿ ಶಿಕ್ಷಕರು ಹಾಗೂ ಸಿಬ್ಬಂದಿ ಸತ್ತರು ಅಥವಾ ಕಾಣೆಯಾದರು. ಆ ಕೈಪಿಡಿಯನ್ನು ಮೊದಲೇ ಸರಿಪಡಿಸದಿದ್ದದ್ದು ಕರ್ತವ್ಯಲೋಪವೆಂದು ಸೆಂಡೈ ಹೈಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು. ಇದನ್ನು ಕೇಳಿದ ಮೇಲೆ ನಮ್ಮ ಯೋಜನೆಯಲ್ಲಿ ಬಯಲು ಪ್ರದೇಶ ಎಂಬ ಮಾತು ಹೋಗಿ, ನೀರು ಬಂದರೆ ಯಾವ ಕಂಡಿಯಿಂದ ಯಾವ ಮೈದಾನದ ಯಾವ ಮೂಲೆಗೆ, ಬೆಂಕಿಯಾದರೆ ಯಾವ ಗೇಟಿನ ಹೊರಗೆ ಎಂಬುದು ಬಂತು. ಹೊರಡಿ ಎಂದು ಹೇಳುವ ಅಧಿಕಾರ ಆ ಹೊತ್ತಿಗೆ ಕಾವಲುಕೋಣೆಯಲ್ಲಿರುವವರಿಗೇ ಸಿಕ್ಕಿತು. ಈ ಕೊನೆಯದಕ್ಕೆ ಸಂಘದಲ್ಲಿ ವಿರೋಧವಿತ್ತು. ಅಧ್ಯಕ್ಷರಿಗೆ ಫೋನ್ ಮಾಡಿ ಕೇಳಲಿ ಎಂದವರಿಗೆ, ಅಧ್ಯಕ್ಷರ ಫೋನು ಎರಡನೆಯ ಕಾರ್ಯಾಚರಣೆಯ ಹೊತ್ತಿನಲ್ಲಿ ಸ್ವಿಚ್ ಆಫ್ ಆಗಿತ್ತೆಂಬುದನ್ನು ನೆನಪಿಸಬೇಕಾಯಿತು.

ಇನ್ನು ಆ್ಯಪ್. ಇದಕ್ಕೆ ಅಂಕ ಕೊಡಲು ನನಗೆ ಕಾರಣವೇ ಸಿಗಲಿಲ್ಲ. ಎರಡನೆಯ ಕಾರ್ಯಾಚರಣೆಯಲ್ಲಿ ಅದರ ಎಚ್ಚರಿಕೆ ಅನೇಕರ ಮೊಬೈಲಿಗೆ ಬಂದದ್ದು ಅವರು ಮೈದಾನ ಸೇರಿದ ಮೇಲೆ. ಅಂತರ್ಜಾಲವನ್ನು ನೆಚ್ಚಿಕೊಂಡ ಯಾವ ಆ್ಯಪ್‌ಗೂ ಈ ತೊಂದರೆ ತಪ್ಪಿದ್ದಲ್ಲ. ವಿಪತ್ತಿನ ಹೊತ್ತಿನಲ್ಲಿ ಎಲ್ಲರೂ ಒಮ್ಮೆಗೇ ಫೋನ್ ಹಚ್ಚಿ ಜಾಲ ಕಿಕ್ಕಿರಿದಿರುತ್ತದೆ. ಹಲವು ದೇಶಗಳ ಸರ್ಕಾರಗಳು ಈಗ ಬಳಸುವ ಸೆಲ್ ಬ್ರಾಡ್‌ಕಾಸ್ಟ್ ವಿಧಾನದಲ್ಲಿ ಹಾಗಲ್ಲ: ಒಂದೊಂದು ಸಂಖ್ಯೆಗೂ ಬೇರೆ ಬೇರೆ ಸಂದೇಶ ಕಳಿಸುವ ಬದಲು ಗೋಪುರವು ತನ್ನ ವ್ಯಾಪ್ತಿಯ ಎಲ್ಲ ಮೊಬೈಲುಗಳಿಗೂ ಒಂದೇ ಸಂದೇಶವನ್ನು ಬಿತ್ತರಿಸುತ್ತದೆ, ಯಾವ ಆ್ಯಪ್ ಹಾಕಿಕೊಳ್ಳುವ ಅಗತ್ಯವೂ ಇಲ್ಲ, ಯಾರ ಸಂಖ್ಯೆಯನ್ನು ಕಲೆಹಾಕುವ ಅಗತ್ಯವೂ ಇಲ್ಲ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆಗಳನ್ನು ಆಫ್ ಮಾಡದೆ ಇಟ್ಟುಕೊಂಡರೆ ಸಾಕು. ಇದನ್ನು ತರಬೇತಿಯಲ್ಲಿ ಹೇಳಿಕೊಡಬೇಕಿತ್ತು, ಹೇಳಲಿಲ್ಲ. ತಮ್ಮ ಆ್ಯಪ್ ಮಾರಬೇಕಾದವರು ಅದನ್ನು ಹೇಳದಿರುವುದು ಸಹಜವೂ ಹೌದು. ಅದಕ್ಕಿಂತ ಗಂಭೀರವಾದ ಆಕ್ಷೇಪವೆಂದರೆ, ನೆರವು ಬೇಕಾದವರ ಪಟ್ಟಿಯನ್ನು ವಯಸ್ಸು, ಕಾಯಿಲೆ, ಮನೆಯ ಸಂಖ್ಯೆ ಸಹಿತ ಅದೇ ಆ್ಯಪ್‌ಗೆ ಸೇರಿಸಬೇಕೆಂದು ಅವರು ಒತ್ತಾಯಿಸಿದ್ದು. ಯಾವ ಮನೆಯಲ್ಲಿ ಹಗಲಿಡೀ ವೃದ್ಧರೊಬ್ಬರೇ ಇರುತ್ತಾರೆ ಎಂಬ ಮಾಹಿತಿ ಎಲ್ಲಿ ಶೇಖರವಾಗುತ್ತದೆ, ಎಷ್ಟು ಕಾಲ ಉಳಿಯುತ್ತದೆ, ಯಾರು ನೋಡಬಹುದು ಎಂಬ ಪ್ರಶ್ನೆಗಳಿಗೆ ಸಿಕ್ಕ ಉತ್ತರ ನಂಬುವಂತಿರಲಿಲ್ಲ. ನಮ್ಮ ಪಟ್ಟಿ ಕಾಗದದ ಮೇಲೆಯೇ, ಕಾವಲುಕೋಣೆಯ ಕಪಾಟಿನಲ್ಲಿ ಮುಚ್ಚಿದ ಲಕೋಟೆಯಲ್ಲಿದೆ.

ಎಚ್ಚರಿಕೆಯ ತಂತ್ರಜ್ಞಾನ ಬೇಡವೆಂದು ನಾನು ಹೇಳುತ್ತಿಲ್ಲ. 2027ರ ಅಂತ್ಯದೊಳಗೆ ಜಗತ್ತಿನ ಪ್ರತಿಯೊಬ್ಬರಿಗೂ ಮುನ್ನೆಚ್ಚರಿಕೆ ವ್ಯವಸ್ಥೆಯ ರಕ್ಷಣೆ ಸಿಗಬೇಕೆಂದು ವಿಶ್ವಸಂಸ್ಥೆ 2022ರಲ್ಲಿ ಗುರಿ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ. ಆದರೆ 2004ರ ಡಿಸೆಂಬರ್ 26ರಂದು, ಭೂಕಂಪದ ಕೇಂದ್ರಕ್ಕೆ ಬಹಳ ಹತ್ತಿರವಿದ್ದ ಇಂಡೊನೇಷ್ಯಾದ ಸಿಮೆಯುಲು ದ್ವೀಪದಲ್ಲಿ ಯಾವ ಸೈರನ್ನೂ ಮೊಳಗಲಿಲ್ಲ. 1907ರ ಸುನಾಮಿಯ ನೆನಪನ್ನು ಅಜ್ಜ ಅಜ್ಜಿಯರು ಸ್ಮೊಂಗ್ ಎಂಬ ಹೆಸರಿನಲ್ಲಿ ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದರಿಂದ, ನೆಲ ಅದುರಿದೊಡನೆ ಜನರು ಗುಡ್ಡ ಹತ್ತಿದರು, ಸುಮಾರು 78 ಸಾವಿರ ಜನರ ದ್ವೀಪದಲ್ಲಿ ಸತ್ತವರು 7 ಮಂದಿ. ಎಚ್ಚರಿಕೆ ಕೇಳಿದೊಡನೆ ಕಾಲು ಎತ್ತ ಓಡಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು. ಅದನ್ನು ಕಲಿಸುವ ಕೆಲಸ ಅಣಕು ಕಾರ್ಯಾಚರಣೆಯದು, ಆ್ಯಪ್‌ನದಲ್ಲ.

ಸಾಮಗ್ರಿಗಳ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟ್ರೆಚರ್, ಮೆಗಾಫೋನು, ಸೀಟಿಗಳು, ಹಗ್ಗ ಗುಣಮಟ್ಟದವು. ರೇಡಿಯೊದ ಹಿಡಿಕೆ ಕೆಲವೇ ಸುತ್ತಿಗೆ ಸಡಿಲವಾಯಿತು. ಟಾರ್ಚುಗಳನ್ನು ಬ್ಯಾಟರಿ ಒಳಗಿಟ್ಟೇ ತುಂಬಿದ್ದಾರೆ, ಹಾಗೆ ಬಿಟ್ಟರೆ ಬ್ಯಾಟರಿ ಸೋರಿ ಟಾರ್ಚು ಹಾಳಾಗುತ್ತದೆ, ತೆಗೆದು ಬೇರೆ ಇಡಿ. ಕ್ಲೋರಿನ್ ಮಾತ್ರೆಯ ಪೊಟ್ಟಣದ ಮೇಲೆ ಎಷ್ಟು ಲೀಟರ್ ನೀರಿಗೆ ಒಂದು ಎಂಬುದು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿದೆ. ಕದಡಿದ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಬೇಕು, ಮಾತ್ರೆ ಹಾಕಿ 30 ನಿಮಿಷ ಕಾಯಬೇಕು ಎಂಬುದು ಎಲ್ಲಿಯೂ ಇಲ್ಲ. ಜನರೇಟರನ್ನು ಮುಚ್ಚಿದ ಜಾಗದಲ್ಲಿ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಂಡು ಜನ ಸಾಯುತ್ತಾರೆಂಬ ಎಚ್ಚರಿಕೆಯೂ ಕೈಪಿಡಿಯಲ್ಲಿಲ್ಲ, ಇದು ದೊಡ್ಡ ಲೋಪ. ಒಟ್ಟಿನಲ್ಲಿ ಈ ಪೆಟ್ಟಿಗೆಯನ್ನು ಅವರಿಂದ ಕೊಳ್ಳುವ ಬದಲು ಪಟ್ಟಿಯನ್ನಷ್ಟೇ ಪಡೆದು, ವಸ್ತುಗಳನ್ನು ನೋಡಿ ಆರಿಸಿ ನೀವೇ ತರುವುದು ಲೇಸು.

ಕೊನೆಗೆ ಕೈಸೇರಿದ ವರದಿ ದಪ್ಪ ರಟ್ಟಿನದು, ಒಳಗೆ ಹೊಳೆಯುವ ಕಾಗದ. ಸಮುದ್ರದಿಂದ ಬಲುದೂರವಿರುವ ನಮಗೆ ಅದರಲ್ಲಿ ಸುನಾಮಿಯ ಕುರಿತು ಪೂರ್ತಿ ಒಂದು ಅಧ್ಯಾಯವಿದೆ. ಬೇರೆ ಯಾರಿಗೋ ಬರೆದದ್ದು ಹಾಗೆಯೇ ಇಲ್ಲಿಗೂ ಬಂದಿದೆ. ಗೋಡೆಗೆ ಅಂಟಿಸಬಹುದಾದ ಒಂದು ಪುಟದ ನಕ್ಷೆ ಮಾತ್ರ ಉಪಯುಕ್ತ. ಮರುಭೇಟಿ ಒಪ್ಪಂದದಲ್ಲಿದ್ದರೂ ಬಂದವರು ಪೆಟ್ಟಿಗೆ ಎಣಿಸಿ ಸಹಿ ಪಡೆದು ಹೋದರು. ಅಷ್ಟರಲ್ಲಿ ಪಟ್ಟಿಯಲ್ಲಿದ್ದ ಬಾಡಿಗೆದಾರರಲ್ಲಿ ಹಲವರು ಮನೆ ಬದಲಿಸಿದ್ದರು, ನೆರವಿಗೆ ಹೋಗಬೇಕಾದವರ ಹೆಸರುಗಳಲ್ಲಿ ಕೆಲವು ಖಾಲಿ ಮನೆಗಳನ್ನು ಸೂಚಿಸುತ್ತಿದ್ದವು. ಹೀಗಾಗಿ ಈ ಸೇವೆ ಪಡೆಯುವವರು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಖಾಲಿ ನಮೂನೆಗಳನ್ನು, ಕಾರ್ಯಾಚರಣೆಯ ವೇಳೆ ಬರೆದುಕೊಳ್ಳುವ ಹಾಳೆಯನ್ನು, ಪಟ್ಟಿ ಪರಿಷ್ಕರಿಸುವ ಕ್ರಮವನ್ನು ತಮಗೇ ಬಿಟ್ಟುಕೊಡುವಂತೆ ಕೇಳಬೇಕು. ಕೇಳಿದರೆ ಕೊಡುತ್ತಾರೆ, ತಾವಾಗಿ ಕೊಡುವುದಿಲ್ಲ.

ನಮ್ಮ ಸಂಘ ಒಪ್ಪಂದವನ್ನು ಅಣಕು ಕಾರ್ಯಾಚರಣೆಗೆ ಮಾತ್ರ ಮುಂದುವರಿಸಿದೆ. ಆ್ಯಪ್ ಮತ್ತು ಪೆಟ್ಟಿಗೆಯನ್ನು ಕೈಬಿಟ್ಟಿದೆ. ಮುಂದಿನದನ್ನು ರಾತ್ರಿ ಹೊತ್ತು, ಇಡೀ ಕಟ್ಟಡದ ವಿದ್ಯುತ್ ತೆಗೆದು ಮಾಡಿಸಬೇಕೆಂದು ಕೇಳಿದ್ದೇವೆ. ಅದಕ್ಕೆ ಪ್ರತ್ಯೇಕ ಶುಲ್ಕವಾಗುತ್ತದೆ ಎಂಬ ಉತ್ತರ ಬಂದಿದೆ, ಮಾತುಕತೆ ನಡೆಯುತ್ತಿದೆ.